ಐದನೆಯ ನಿಯಮ

೨೭ ಜನವರಿ ೧೯೬೧, ಶುಕ್ರವಾರ

'ತಿರುಗುವ ಗಾಲಿಗೆ ನೆಲವೆಂಬುದು ಒಂದೇ ಚುಕ್ಕೆ.' ಎಲ್ಲಿ ಓದಿದ್ದು? ಚುಕ್ಕೆಯೋ, ಬಿಂದುವೋ? ಇದರ ಬೆನ್ನಿಗೆ ಇನ್ನೊಂದು ಸಾಲು ಇತ್ತು, ಅದು ಪೂರ್ತಿ ಅಳಿಸಿಹೋಗಿದೆ. ಎಂ.ಎ. ಓದುವಾಗಿನ ನೋಟುಪುಸ್ತಕಗಳನ್ನೆಲ್ಲ ತೆಗೆದು ನೋಡಿದೆ, ಸಿಗಲಿಲ್ಲ. ಸಾಲು ನಿಜವೇ ಎಂಬುದೂ ಅನುಮಾನ. ಗಾಲಿಯಲ್ಲಿ ಗಾಳಿ ಕಡಿಮೆಯಾದರೆ ಆ ಚುಕ್ಕೆ ಅಂಗೈಯಗಲ ಆಗುತ್ತದೆ. ಬರೆದವನು ಸೈಕಲ್ ಹೊಡೆದವನಲ್ಲ.

ಇದು ನೆನಪಾಗಲು ಕಾರಣ ನನ್ನ ಐದು ನಿಯಮಗಳು. ಇಂದು ಸಮಿತಿ ಅವನ್ನು ಒಪ್ಪಿತು.

ಕಳೆದ ದೀಪಾವಳಿಯ ಹೊತ್ತಿಗೆ ಹರಿಹರದಲ್ಲಿ ಒಬ್ಬ 'ಏಳು ದಿನ ಏಳು ರಾತ್ರಿ ಇಳಿಯದ ಸವಾರ' ಬಂದಿದ್ದ. ಐದನೆಯ ದಿನ ಜನ ಕಂಡುಹಿಡಿದರು: ಬೆಳಿಗ್ಗೆ ಸುತ್ತುವವನು ಅಣ್ಣ, ಸಂಜೆ ಸುತ್ತುವವನು ತಮ್ಮ. ಕಲ್ಲು ಬಿದ್ದವು. ತಮ್ಮನ ಒಂದು ಕಣ್ಣು ಹೋಯಿತು. ಆಗ ನಾನು ಇಲ್ಲಿನ ವಾರಪತ್ರಿಕೆಗೆ ಒಂದು ಲೇಖನ ಬರೆದೆ. ಸೈಕಲ್ಲನ್ನೇ ಹೊಟ್ಟೆಪಾಡು ಮಾಡಿಕೊಂಡವರ ಕಷ್ಟಗಳೇನು, ಅವಕ್ಕೆ ಪರಿಹಾರವೇನು ಎಂದು. ಚಹಾದಲ್ಲಿ ಅಫೀಮು ಕುಡಿಸಿ ಓಡಿಸುತ್ತಾರೆ. ಹತ್ತಿರದಲ್ಲಿ ಡಾಕ್ಟರು ಇರುವುದಿಲ್ಲ. ಸವಾರ ಕಣ್ಣು ಮೇಲೆ ಮಾಡಿದರೂ ಮೇನೇಜರು ಗ್ರಾಮಫೋನಿಗೆ ಕೀಲಿ ಕೊಡುತ್ತಲೇ ಇರುತ್ತಾನೆ. ಹತ್ತು ವರ್ಷ ಸುತ್ತಿದ ಮೇಲೂ ಅವನ ಕೈಯಲ್ಲಿ ತೋರಿಸಲು ಒಂದು ಕಾಗದ ಇರುವುದಿಲ್ಲ. ಇದನ್ನು ಓದಿದ ಕ್ರೀಡಾ ಸಂಘದ ಅಧ್ಯಕ್ಷರು, ಬಟ್ಟೆ ಅಂಗಡಿಯ ಶಿವಮೂರ್ತಪ್ಪನವರು, ಮನೆಗೇ ಬಂದರು. 'ತಪ್ಪು ಹುಡುಕಿದ್ದು ಆತಲ್ರಿ ಮೇಡಂ, ಮದ್ದೂ ನೀವೇ ಅರೀರಿ' ಎಂದರು.

ಅರೆದೆ. ಬೆಳಿಗ್ಗೆ ಸಂಜೆ ಸವಾರನ ಹೆಬ್ಬೆರಳ ಗುರುತು. ದಿನಕ್ಕೆ ಎರಡು ಸಲ ಡಾಕ್ಟರು. ಮಾತ್ರೆ, ಅಫೀಮು ಯಾವುದೂ ಇಲ್ಲ. ಕಾಲು ನೆಲಕ್ಕೆ ತಾಗಿದರೆ ಗುರುತು ಬೀಳುವಂತೆ ಸುತ್ತಿನ ಎರಡೂ ಬದಿಗೆ ಸುಣ್ಣದ ಪುಡಿ. ಕೊನೆಯದು ನನಗೆ ಬಹಳ ಇಷ್ಟವಾದದ್ದು: ಓಟ ನಡೆಯುವಾಗ ಸವಾರನನ್ನಾಗಲಿ ಸೈಕಲ್ಲನ್ನಾಗಲಿ ಯಾರೂ ಮುಟ್ಟತಕ್ಕದ್ದಲ್ಲ. ಊಟ, ನೀರು ಕೊಡುವಾಗಲೂ ಪಾತ್ರೆ ಮಾತ್ರ ಕೈ ಬದಲಾಗಬೇಕು.

ಇದರಂತೆ ಏಳು ದಿನ ಮುಗಿಸಿದವನಿಗೆ ಪ್ರಮಾಣಪತ್ರ. ಗುತ್ತೂರಿನ ಹತ್ತಿರದ ಹೊಸ ಕಾರ್ಖಾನೆಯವರು ಅದನ್ನು ನೋಡಿ ಕಾಯಂ ಕೆಲಸ ಕೊಡಲು ಒಪ್ಪಿದ್ದಾರೆ. ಮೊದಲ ಸವಾರ ಮಾಯಕೊಂಡದ ಹಿದಾಯತ್. ತೀರ್ಪುಗಾರಳು ನಾನು. ಅಖಾಡ ನಮ್ಮ ಮನೆಯ ಎದುರಿನ ಮೈದಾನದಲ್ಲೇ.

೨೮ ಜನವರಿ, ಶನಿವಾರ

ಹಿದಾಯತನ ಹೆಂಡತಿ ಬಂದಿದ್ದಳು. ದಿಲ್ಷಾದ್ ಬೇಗಂ. ಇಪ್ಪತ್ತೈದು ಇರಬಹುದು. ಒಳಗೆ ಕರೆದರೂ ಹೊಸ್ತಿಲ ಬಳಿಯೇ ಕುಳಿತಳು.

'ಅಮ್ಮಾರ, ಐದನೇದು ಒಂದು ತೆಗೀರಿ.'

ಯಾಕೆಂದು ಕೇಳಿದೆ.

'ಬೆಳಗಿನ ಜಾವ ಅಜಾನಿಗೆ ಮುಂಚೆ ಒಂದು ಗಂಟೆ ನಾನು ಸೀಟು ಹಿಡ್ಕಂಡು ಪಕ್ಕದಾಗೆ ನಡೀತೀನಿ. ಅವರು ಕಣ್ಣು ಬಿಟ್ಕಂಡೇ ನಿದ್ದೆ ಮಾಡ್ತಾರೆ. ಕಾಲು ಪೆಡ್ಲು ತುಳೀತಾನೇ ಇರ್ತಾವೆ. ನಮ್ಮತ್ತೇನೂ ಮಾವಗೆ ಹಂಗೇ ಹಿಡೀತಿದ್ರು. ಈ ಕಸುಬಿನಾಗೆ ಎಲ್ಲರ ಮನ್ಯಾಗೂ ಒಬ್ರು ಹಿಡಿಯೋರು ಇರ್ತಾರೆ.'

'ಹಿಡಿದರೆ ಅದು ಅವನ ಸವಾರಿ ಹೇಗಾಗುತ್ತದಮ್ಮ?'

'ಕಾಲು ನೆಲಕ್ಕೆ ತಾಕಲ್ಲಲ್ರೀ.'

'ಹರಿಹರದಲ್ಲಿ ಕಲ್ಲು ಹೊಡೆದವರಿಗೆ ಈ ಲೆಕ್ಕ ಹೇಳಲಾಗುತ್ತದೆಯೇ?'

ಹೋಗುವಾಗ ನನ್ನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. 'ಯಾ ಅಲ್ಲಾ, ನಿಮ್ಮ ಕೈ ಎಷ್ಟು ತಣ್ಣಗೈತಮ್ಮ' ಎಂದು ತಟ್ಟನೆ ಬಿಟ್ಟಳು.

ನಿಯಮ ಒಬ್ಬರಿಗೆ ಸಡಿಲಿಸಿದರೆ ಎಲ್ಲರಿಗೂ ಸಡಿಲ. ಸರಿಯಾಗಿಯೇ ಹೇಳಿದೆ ಎಂದುಕೊಂಡಿದ್ದೇನೆ. ಆದರೂ ಇದನ್ನು ಇಲ್ಲಿ ಬರೆದಿಟ್ಟಿದ್ದೇನೆ.

೨೯ ಜನವರಿ, ಭಾನುವಾರ

ಸಂಜೆ ಸರಿಯಾಗಿ ಆರಕ್ಕೆ ಹತ್ತಿದ. ಬಿದಿರು ಕಟ್ಟಿದ ದುಂಡು ಅಖಾಡ, ಪೆಟ್ರೋಮ್ಯಾಕ್ಸು, ಗ್ರಾಮಫೋನು. ಮೇನೇಜರ್ ಜಮಾಲುದ್ದೀನ್ ತಗಡಿನ ತುತ್ತೂರಿಯಲ್ಲಿ ಕೂಗಿದ್ದೇ ಕೂಗಿದ್ದು. 'ನೋಡ್ರಿ ನೋಡ್ರಿ! ಏಳು ದಿನ ಭೂಮಿತಾಯಿಗೆ ಭಾರ ಆಗದ ಗಂಡು! ಇಲ್ಲೇ ಸ್ನಾನ, ಇಲ್ಲೇ ಊಟ, ಇಲ್ಲೇ ಗಡ್ಡ! ಮೋಸ ಇಲ್ಲ, ಮಸಲತ್ತಿಲ್ಲ, ಎಂಯೇ ಪಾಸಾದ ಮೇಡಂ ಕಾವಲು ಕುಂತಾರೆ!' ಜನ ನನ್ನತ್ತ ತಿರುಗಿ ನಕ್ಕರು. ನಾನೂ ನಕ್ಕೆ.

ಹಿದಾಯತ್ ತೆಳ್ಳಗೆ, ಕಪ್ಪಗೆ, ನಾಚಿಕೆಯ ಮನುಷ್ಯ. ನೆಲದ ಮೇಲಿಟ್ಟ ನಿಂಬೆಹಣ್ಣನ್ನು ಬಾಗಿ ಬಾಯಿಂದ ಎತ್ತಿದ. ಮುನಿಸಿಪಾಲಿಟಿಯ ಕಾವಲುಗಾರ ಮಸ್ತಾನಸಾಬ್ ಸುಣ್ಣ ಚೆಲ್ಲಿದ; ದಿನವೂ ಸಂಜೆ ಹೊಸದಾಗಿ ಚೆಲ್ಲುತ್ತಾನೆ. ರಾತ್ರಿಯ ಸಾಕ್ಷಿಯೂ ಅವನೇ.

ಈ ಕಸುಬಿನವರ ಒಂದು ಕಟ್ಟಳೆಯನ್ನು ಜಮಾಲುದ್ದೀನ್ ಹೇಳಿದ. ಏಳು ದಿನ ನೆಲ ಮುಟ್ಟದ ಕಾಲು ಮೊದಲು ಹರಿಯುವ ನೀರು ಮುಟ್ಟಬೇಕು. ಮೊದಲು ಮಣ್ಣು ಮುಟ್ಟಿದರೆ ಆ ಮಣ್ಣು ಬಿಡುವುದಿಲ್ಲವಂತೆ. ಆದ್ದರಿಂದ ಮುಂದಿನ ಭಾನುವಾರ ಇಲ್ಲಿಂದ ಸೈಕಲ್ಲಿನ ಮೇಲೇ ಹರಿಹರಕ್ಕೆ ಹೋಗಿ ಹೊಳೆಯಲ್ಲಿ ಇಳಿಯುತ್ತಾನೆ.

೩೦ ಜನವರಿ, ಸೋಮವಾರ

ರಾತ್ರಿ ನಿದ್ದೆ ಇಲ್ಲ. ಈ ವಯಸ್ಸಿನಲ್ಲಿ ಅದೇನು ಹೊಸತಲ್ಲ. ಆದರೆ ನಿನ್ನೆ ಫ್ರೀವೀಲಿನ ಟಿಕ್ ಟಿಕ್ ಕಿವಿಗೆ ಅಂಟಿಕೊಂಡಿತ್ತು. ತುಳಿಯುವಾಗ ನಿಲ್ಲುತ್ತದೆ, ಕಾಲು ಬಿಟ್ಟಾಗ ಟಿಕ್ ಟಿಕ್. ನಿಂತಾಗಲೂ ಕೇಳುತ್ತಿತ್ತು.

ಕಾಲೇಜಿನಲ್ಲಿ ಪಾಠ ಸರಿಯಾಗಲಿಲ್ಲ.

೩೧ ಜನವರಿ, ಮಂಗಳವಾರ

ಡಾಕ್ಟರು ನಾಡಿ ನೋಡಿದರು. ಸೈಕಲ್ಲಿನ ಜೊತೆ ಓಡಿಕೊಂಡೇ ನೋಡಬೇಕು, ದಪ್ಪ ಮನುಷ್ಯ, ಜನ ಚಪ್ಪಾಳೆ ತಟ್ಟಿದರು. 'ಇವತ್ತು ಪರವಾಗಿಲ್ಲ. ನಾಳೆ ಗೊತ್ತಿಲ್ಲ' ಎಂದರು.

ಸಂಜೆ ಬಿದಿರಿನ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತಿದ್ದೆ. ಹಿದಾಯತ್ ಎದುರು ಬಂದಾಗ 'ಅಮ್ಮಾರ' ಎಂದ. ಹೋಗಿಬಿಟ್ಟ. ಸುತ್ತು ಹಾಕಿ ಬಂದು 'ಒಂದು ಮಾತು' ಎಂದ. ಮತ್ತೆ ಹೋದ. ಮುಂದಿನ ಸುತ್ತಿನಲ್ಲಿ, 'ಎಷ್ಟು ದಿನ ಆತ್ರಿ?' 'ಎರಡು' ಎಂದೆ. ಅವನಿಗೆ ಕೇಳಿಸಿತೋ ಇಲ್ಲವೋ. ಪೆಟ್ರೋಮ್ಯಾಕ್ಸು ಹಚ್ಚಿದ ಮೇಲೆ, ನಾನು ಏಳುವ ಹೊತ್ತಿಗೆ, ಎದುರು ಬಂದು ಕೇಳಿದ: 'ಎರಡು ದಿನ ಯಾರ್ದು? ನಂದಾ, ಸೈಕಲ್ಲಿಂದಾ?'

ನಗುತ್ತಿರಲಿಲ್ಲ. ಕಣ್ಣು ನನ್ನ ಮೇಲಿತ್ತು, ಆದರೆ ನನ್ನ ಹಿಂದೆ ನಿಂತ ಯಾರನ್ನೋ ನೋಡುವ ಹಾಗಿತ್ತು. ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ದಿಲ್ಷಾದ್ ಬಿದಿರಿನ ಆಚೆ ಕುಕ್ಕುರುಗಾಲಲ್ಲಿ ಕುಳಿತಿದ್ದಳು. ಅವಳ ಬಲಗೈ ಮಡಿಲಲ್ಲಿ ಬಿಗಿಯಾಗಿ ಮುಚ್ಚಿಕೊಂಡಿತ್ತು, ಏನನ್ನೋ ಹಿಡಿದಂತೆ.

೧ ಫೆಬ್ರವರಿ, ಬುಧವಾರ

ಎಷ್ಟೋ ತಿಂಗಳ ಮೇಲೆ ಗಾಢವಾದ ನಿದ್ದೆ. ಕನಸೂ ಬೀಳಲಿಲ್ಲ. ಎದ್ದಾಗ ಮೈ ಮಾತ್ರ ದಣಿದಿತ್ತು, ನಿದ್ದೆಯ ಸಾಲ ಒಮ್ಮೆಗೇ ತೀರಿದರೆ ಹಾಗಾಗುತ್ತದಂತೆ.

ಏಳು ಗಂಟೆಗೆ ಅಖಾಡಕ್ಕೆ ಹೋದೆ. ಗಾಲಿಯ ಗುರುತಿನ ಬಲಕ್ಕೆ, ಸುಣ್ಣದ ಮೇಲೆ, ಬರಿಗಾಲಿನ ಹೆಜ್ಜೆಗಳು! ಒಂದೆರಡಲ್ಲ. ಇಡೀ ಸುತ್ತು, ಹೆಜ್ಜೆಯ ಮೇಲೆ ಹೆಜ್ಜೆ, ಯಾರೋ ಗಂಟೆಗಟ್ಟಲೆ ಜೊತೆಗೆ ನಡೆದಂತೆ.

ದಿಲ್ಷಾದಳನ್ನು ಕರೆಸಿದೆ. ಬಂದವಳೇ ಒಂದು ಹೆಜ್ಜೆಯ ಪಕ್ಕ ತನ್ನ ಕಾಲಿಟ್ಟಳು. ಅವಳದು ಎರಡು ಬೆರಳು ಚಿಕ್ಕದು. 'ನೀವು ಬ್ಯಾಡ ಅಂದಿದ್ದು ನಾನು ಮಾಡಿಲ್ಲಮ್ಮ. ಅವರ ಮೇಲಾಣೆ' ಎಂದಳು. ಮಸ್ತಾನಸಾಬನನ್ನು ಕೇಳಿದೆ. ಸುಣ್ಣದ ಬುಟ್ಟಿಯನ್ನೇ ನೋಡುತ್ತ, 'ನಾನೇನು ಹೇಳ್ಲಿ ಅಮ್ಮಾರ, ನೀವೇ ಬಲ್ಲಿರಿ' ಎಂದ. ನಿದ್ದೆ ಹೊಡೆದಿದ್ದಾನೆ, ಅಷ್ಟೆ.

ಹೆಜ್ಜೆಯ ಉದ್ದಕ್ಕೆ ಒಂದು ಬಿಳಿ ದಾರ ಅಳೆದು ಕತ್ತರಿಸಿ ಈ ದಿನಚರಿಯಲ್ಲೇ ಇಟ್ಟಿದ್ದೇನೆ. ಈ ಅಳತೆಯ ಕಾಲು ಸಿಕ್ಕ ದಿನ ಗೊತ್ತಾಗುತ್ತದೆ.

೨ ಫೆಬ್ರವರಿ, ಗುರುವಾರ

ಮತ್ತೆ ಹೆಜ್ಜೆಗಳು. ಅದೇ ದಾರ, ಅದೇ ಅಳತೆ.

ಊರಲ್ಲಿ ಸುದ್ದಿ ಹಬ್ಬಿದೆ. ಬೆಳಗಿನ ಜಾವ ಗಾಡಿ ಕಟ್ಟಿಕೊಂಡು ಸಂತೆಗೆ ಹೊರಟವರು ಕಂಡರಂತೆ. ಬಿಳಿ ಸೀರೆಯ ಹೆಂಗಸು, ಕೂದಲು ಬಿಟ್ಟುಕೊಂಡು, ಸವಾರನ ಪಕ್ಕ ನಡೆಯುತ್ತಿದ್ದಳಂತೆ. ಬೆಳದಿಂಗಳಲ್ಲಿ ನೆರಳೂ ಇರಲಿಲ್ಲವಂತೆ. ಜಮಾಲುದ್ದೀನನ ತುತ್ತೂರಿಗೆ ಹೊಸ ಉಸಿರು: 'ಮನುಷ್ಯರು ಮುಟ್ಟಂಗಿಲ್ಲ ಅಂತ ಕಾನೂನು ಐತೆ ಸ್ವಾಮಿ, ದೆವ್ವಕ್ಕೆ ಕಾನೂನಿಲ್ಲ!' ಇಂದು ಜನ ಎರಡು ಪಟ್ಟು.

ವಿದ್ಯಾವಂತರೂ ಹೀಗೆ ಮಾತಾಡುತ್ತಾರೆ. ಸ್ಟಾಫ್ ರೂಮಿನಲ್ಲಿ ನನಗೆ ನಿಜಕ್ಕೂ ಸಿಟ್ಟು ಬಂತು.

ವಿಚಿತ್ರವೆಂದರೆ ಹಿದಾಯತ್ ಸುಧಾರಿಸಿದ್ದಾನೆ. 'ನಾಡಿ ಇಳಿದೈತೆ, ಎಲ್ಲೋ ನಿದ್ದೆ ಮಾಡ್ಯಾನೆ' ಎಂದರು ಡಾಕ್ಟರು. ಅವನನ್ನೇ ಕೇಳಿದೆ. ನಾಲ್ಕು ಸುತ್ತಿನಲ್ಲಿ ಉತ್ತರ ಕೊಟ್ಟ. 'ಯಾರೋ ಹಿಡ್ಕತಾರಮ್ಮ.' 'ದಿಲ್ಷಾದ್ ಅಲ್ಲ.' 'ಕೈ ತಣ್ಣಗೈತೆ, ಸೀಟಿನ ಮೂಲಕ ಬೆನ್ನಿಗೆ ಏರ್ತೈತೆ.' 'ತಿರುಗಿ ನೋಡಿದ್ರೆ ಬೀಳ್ತೀನಿ, ಅದಕ್ಕೆ ನೋಡಿಲ್ಲ.'

ಮನೆಗೆಲಸದ ಹಂಪವ್ವ ಬಟ್ಟೆ ಒಗೆಯುತ್ತ ಗೊಣಗುತ್ತಿದ್ದಳು. 'ಸೀರೆ ಅಂಚಿಗೆಲ್ಲ ಸುಣ್ಣ ಮೆತ್ಕಂಡು ಬಂದೀರಲ್ರೀ, ಗೋಡೆ ಬಳಿಯಾಕ ಹೋಗಿದ್ರೇನು?' ದಿನವಿಡೀ ಅಖಾಡದ ಬಳಿ ಇದ್ದರೆ ಇನ್ನೇನಾಗುತ್ತದೆ. ನನ್ನವೆಲ್ಲ ಬಿಳಿ ಖಾದಿ ಸೀರೆಗಳೇ, ಸುಣ್ಣ ಮೆತ್ತಿದರೂ ಕಾಣುವುದಿಲ್ಲ ಎಂದುಕೊಂಡಿದ್ದೆ. ಹಿಮ್ಮಡಿ ಉರಿಯುತ್ತಿದೆ. ಕೊಬ್ಬರಿ ಎಣ್ಣೆ ಹಚ್ಚಿಕೊಂಡೆ.

೩ ಫೆಬ್ರವರಿ, ಶುಕ್ರವಾರ

ನಿನ್ನೆ ರಾತ್ರಿ ತೀರ್ಮಾನಿಸಿದ್ದೆ, ನಾನೇ ಕಾಯುತ್ತೇನೆಂದು. ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕುಳಿತೆ. ಅಖಾಡ ಚೆನ್ನಾಗಿ ಕಾಣುತ್ತದೆ. ಗೋಡೆ ಗಡಿಯಾರ ಎರಡು ಹೊಡೆದದ್ದು ಕೇಳಿದೆ. ಮೂರು ಹೊಡೆದದ್ದು ಕೇಳಿದೆ. ಹಿದಾಯತ್ ಒಬ್ಬನೇ ಸುತ್ತುತ್ತಿದ್ದ. ಐದು ಹೊಡೆದದ್ದು ಕೇಳಿದೆ. ಯಾರೂ ಬರಲಿಲ್ಲ. ನಾನು ಅಲ್ಲೇ ಕುರ್ಚಿಯಲ್ಲೇ ಇದ್ದೆ.

ಹೋಗಿ ನೋಡಿದರೆ ಹೆಜ್ಜೆಗಳು.

ನಾಲ್ಕು ಹೊಡೆದದ್ದು ಕೇಳಿದ ನೆನಪಿಲ್ಲ. ಗಡಿಯಾರವನ್ನು ರಿಪೇರಿಗೆ ಕೊಡಬೇಕು.

ದೆವ್ವವನ್ನು ನಾನು ನಂಬುವುದಿಲ್ಲ. ಆದರೆ ಈ ದಾರದ ಅಳತೆಯ ಕಾಲುಳ್ಳವಳು ಈ ಲೋಕದಲ್ಲಿ ಎಲ್ಲೋ ಇದ್ದಾಳೆ. ಮಲಗುವ ಮುಂಚೆ ಯಾಕೋ ಅಜ್ಜಿಯ ನೆನಪಾಯಿತು. ಚಿಕ್ಕವಳಿದ್ದಾಗ ನನ್ನ ಲಂಗದ ಲಾಡಿಯನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡೇ ಮಲಗುತ್ತಿದ್ದಳು. ಯಾಕೆಂದು ಯಾರೂ ನನಗೆ ಹೇಳಲಿಲ್ಲ.

೪ ಫೆಬ್ರವರಿ, ಶನಿವಾರ

ನಾಲ್ಕನೆಯ ಬೆಳಿಗ್ಗೆಯೂ ಹೆಜ್ಜೆ. ಶಿವಮೂರ್ತಪ್ಪನವರಿಗೆ ತಿಳಿಸಲೇಬೇಕಾಯಿತು.

'ಐದನೇ ನಿಯಮ ಮುರಿದಂಗಾತಲ್ರಿ. ನಾಳೆ ರದ್ದು ಅಂತ ಬರೀರಿ' ಎಂದರು, ಸಲೀಸಾಗಿ, ಗಜ ಬಟ್ಟೆ ಕತ್ತರಿಸುವ ಹಾಗೆ.

'ಆ ನಿಯಮವೇ ತಪ್ಪಾಗಿದ್ದರೆ?'

'ಬರೆದೋರು ನೀವೇ ಮೇಡಂ!'

ಹೌದು. ಬರೆಯುವಾಗ ನಾನು ಮೋಸಗಾರರನ್ನು ಮಾತ್ರ ಕಣ್ಣ ಮುಂದೆ ಇಟ್ಟುಕೊಂಡಿದ್ದೆ. ನಿದ್ದೆ ಬಂದವನನ್ನು ಇಟ್ಟುಕೊಂಡಿರಲಿಲ್ಲ. ಮಧ್ಯಾಹ್ನ ಒಂದು ತಿದ್ದುಪಡಿ ಬರೆದೆ: ದಿನಕ್ಕೆ ಒಂದು ಗಂಟೆ, ಎಲ್ಲರ ಕಣ್ಣೆದುರು, ಸವಾರ ಹೇಳಿದವರು ಸೀಟು ಹಿಡಿಯಬಹುದು, ಏಳು ದಿನದ ಬದಲು ಮೂರು, ಡಾಕ್ಟರು ಸಾಕು ಎಂದರೆ ಸಾಕು. ಶಿವಮೂರ್ತಪ್ಪನವರು ಓದಿ, 'ಚಂದ ಐತೆ. ಮುಂದಿನ ವರ್ಷಕ್ಕೆ ಇಟ್ಕಳಾಣ. ಓಟದ ನಡುವೆ ಕಾನೂನು ಬದಲಾಸಿದ್ರೆ ಮತ್ತೆ ಕಲ್ಲು ಬೀಳ್ತಾವೆ' ಎಂದರು. ಅದೂ ನಿಜ. ಹೆಜ್ಜೆ ಯಾರದೆಂದು ಪತ್ತೆ ಹಚ್ಚಲು ನಾಳೆವರೆಗೆ ಸಮಯ ಕೇಳಿ ಬಂದೆ.

ಮನೆಯಲ್ಲಿ ಇನ್ನೊಂದು ರಗಳೆ. ನಾಲ್ಕು ದಿನದಿಂದ ಬೆಳಿಗ್ಗೆ ಬಾಗಿಲ ಅಗಳಿ ತೆಗೆದೇ ಇರುತ್ತದೆ ಎಂದು ಹಂಪವ್ವ ಹೇಳುತ್ತಾಳೆ. ನಾನು ಹಾಕಿಯೇ ಮಲಗುತ್ತೇನೆ. ಮೈದಾನದಲ್ಲಿ ಜನಜಂಗುಳಿ, ಕಳ್ಳರಿಗೇನು ಬರ. ಇವತ್ತು ಹೊರಗಿನಿಂದ ಬೀಗ ಹಾಕಿಕೊಂಡು ಕೀಲಿ ನಿನ್ನ ಹತ್ತಿರವೇ ಇಟ್ಟುಕೋ, ಬೆಳಿಗ್ಗೆ ಬಂದು ತೆಗೆ ಎಂದಿದ್ದೇನೆ.

೫ ಫೆಬ್ರವರಿ, ಭಾನುವಾರ, ಮಧ್ಯಾಹ್ನ

ಸುಣ್ಣ ಹಾಗೇ ಇತ್ತು. ಒಂದೂ ಹೆಜ್ಜೆ ಇಲ್ಲ. ಒಂದು ಗಳಿಗೆ ಸಮಾಧಾನವಾಯಿತು. ಆಮೇಲೆ ಹಿದಾಯತನ ಮುಖ ನೋಡಿದೆ.

ಬೆಳಗಿನ ಜಾವ ನಾಲ್ಕೂವರೆಗೆ ಸೈಕಲ್ಲು ನೇರ ಬಿದಿರಿಗೆ ನುಗ್ಗಿದೆ. ಗಳ ಹಿಡಿದು ಜೋತುಬಿದ್ದ, ಕಾಲು ಮಾತ್ರ ಕೆಳಗಿಡಲಿಲ್ಲ ಎಂದು ಮಸ್ತಾನಸಾಬ್ ಹೇಳಿದ. ಹುಬ್ಬು ಸೀಳಿದೆ. ರಕ್ತ ಒರೆಸಲು ದಿಲ್ಷಾದ್ ಓಡಿ ಹೋಗಿ, ಬೇಲಿಯ ಹತ್ತಿರ ನಿಂತುಬಿಟ್ಟಳಂತೆ. ಮುಟ್ಟಬಾರದಲ್ಲ. ಬಟ್ಟೆಯನ್ನು ಎಸೆದಳಂತೆ, ಅವನು ಹಿಡಿಯಲಿಲ್ಲವಂತೆ. ಅದು ಇನ್ನೂ ಸುಣ್ಣದ ಮೇಲೆ ಬಿದ್ದಿದೆ.

'ಹಿಡಿಯೋರು ಬರ್ಲಿಲ್ಲ' ಎಂದ ನನ್ನ ಎದುರು ಹಾಯುವಾಗ. ಮುಂದಿನ ಸುತ್ತಿನಲ್ಲಿ, 'ಯಾಕ ಬರ್ಲಿಲ್ಲ?' ಪ್ರತಿ ಸುತ್ತಿಗೂ ಅದೇ. ಯಾಕ ಬರ್ಲಿಲ್ಲ. ನನ್ನನ್ನೇ ಕೇಳುತ್ತಿದ್ದಂತೆ.

ಆಗ ಆ ಎರಡನೆಯ ಸಾಲು ತಾನಾಗಿ ಬಂತು. 'ತಿರುಗುವ ಗಾಲಿಗೆ ನೆಲವೆಂಬುದು ಒಂದೇ ಚುಕ್ಕೆ, ಬೀಳುವವನಿಗೆ ಭೂಮಿಯೆಲ್ಲ.' ಬರೆದವನು ಸೈಕಲ್ಲಿನಿಂದ ಬಿದ್ದಿರಬೇಕು.

ನನ್ನ ಬಲಗೈಯ ಎರಡು ಉಗುರು ಮುರಿದು ರಕ್ತ ಕಟ್ಟಿದೆ. ಮಂಚದ ಸಂದಿಗೆ ಸಿಕ್ಕಿರಬೇಕು. ಬಾಗಿಲ ಒಳಮೈಯಲ್ಲಿ ಕೆರೆದ ಗೀರುಗಳಿವೆ ಎಂದು ಹಂಪವ್ವ ತೋರಿಸಿದಳು. ಬೆಕ್ಕು ಒಳಗೆ ಸಿಕ್ಕಿಕೊಂಡಿತ್ತೇನೋ. ಈ ಮನೆಗೆ ಬೆಕ್ಕು ಬರುವುದನ್ನು ನಾನು ನೋಡಿಲ್ಲ.

ನಾಲ್ಕಕ್ಕೆ ಹರಿಹರಕ್ಕೆ ಹೊರಡಬೇಕು. ಒಂಬತ್ತು ಮೈಲಿ, ದಾರಿಯಲ್ಲಿ ಲಾರಿಗಳು. ಈಗಲೇ ರದ್ದು ಎಂದು ಬರೆದುಬಿಟ್ಟರೆ ಅವನು ಇಳಿದು ಮಲಗಬಹುದು, ಕೆಲಸ ಹೋಗುತ್ತದೆ, ಮುಂದಿನ ತಿಂಗಳು ಇನ್ನಾವುದೋ ಊರಿನಲ್ಲಿ ಮತ್ತೆ ಹತ್ತುತ್ತಾನೆ. ದಿಲ್ಷಾದಳನ್ನು ಕೇಳಿದೆ. 'ಇದೇ ಕೊನೇ ಸುತ್ತು ಅಂತ ನಂಗೆ ಮಾತು ಕೊಟ್ಟಾರಮ್ಮ. ಇಳಿಸಬ್ಯಾಡ್ರಿ' ಎಂದಳು.

ಬರೆಯಲಿಲ್ಲ.

೬ ಫೆಬ್ರವರಿ, ಸೋಮವಾರ

ನಿನ್ನೆಯದನ್ನು ಈಗ ಬರೆಯುತ್ತಿದ್ದೇನೆ. ರಾತ್ರಿ ಬಂದವಳೇ ಹಾಸಿಗೆಗೆ ಬಿದ್ದೆ. ಕಳ್ಳರ ಭಯವೂ ಇರಲಿಲ್ಲ, ಅಖಾಡ ಖಾಲಿಯಾಗಿತ್ತಲ್ಲ; ಹಂಪವ್ವನಿಗೆ ಬೀಗ ಬೇಡವೆಂದೆ.

ಹಿದಾಯತ್ ಮುಂದೆ, ಸಂಘದ ಜೀಪು ಹಿಂದೆ. ಜೀಪಿನಲ್ಲಿ ನಾನು, ದಿಲ್ಷಾದ್, ಶಿವಮೂರ್ತಪ್ಪನವರು. ಜಮಾಲುದ್ದೀನ್ ಪಕ್ಕದ ಮೆಟ್ಟಿಲ ಮೇಲೆ ನಿಂತಿದ್ದ, ತುತ್ತೂರಿ ಇತ್ತು, ಆದರೆ ಕೂಗಲಿಲ್ಲ. ಏಳು ಮೈಲಿ ಹೇಗೋ ಆಯಿತು. ಆಮೇಲೆ ಸೈಕಲ್ಲು ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಹಾವಿನ ಹಾಗೆ ಹೋಗತೊಡಗಿತು. ಎದುರಿನಿಂದ ಹತ್ತಿ ಲಾರಿ. ಚಕ್ರಕ್ಕೂ ಅವನ ಮೊಣಕಾಲಿಗೂ ಒಂದು ಗೇಣು. ಗಾಳಿಗೆ ಅವನ ತಲೆ ಒಂದು ಕಡೆ ವಾಲಿತು, ಹಾಗೆಯೇ ಉಳಿಯಿತು.

ಜೀಪು ನಿಲ್ಲಿಸಲು ಹೇಳಿದೆ. 'ಹೋಗಿ ಹಿಡಿ' ಎಂದೆ ದಿಲ್ಷಾದಳಿಗೆ.

'ಕಾನೂನು?'

'ನಾನು ಬರೆದದ್ದು. ಹಿಡಿ, ಹೋಗು.'

'ಮೇಡಂ!' ಎಂದರು ಶಿವಮೂರ್ತಪ್ಪನವರು. ಅವಳು ಅಷ್ಟರಲ್ಲಿ ಓಡಿದ್ದಳು.

ಹಿಡಿದಳು. ಆದರೆ ಸೈಕಲ್ಲು ನೆಟ್ಟಗಾಗಲಿಲ್ಲ. ಅವನು ಮೈ ಕೊಸರುತ್ತ, ಕಣ್ಣು ತೆರೆಯದೆ, 'ಇದು ಆ ಕೈ ಅಲ್ಲ' ಎಂದ. 'ಬಿಸಿ ಐತೆ. ಇದು ಅಲ್ಲ, ಇದು ಅಲ್ಲ.' ದಿಲ್ಷಾದ್ ಅಳುತ್ತ ನನ್ನ ಕಡೆ ತಿರುಗಿದಳು. ಆ ಮುಖವನ್ನು ನಾನು ಮರೆಯಲಾರೆ. ಇಷ್ಟು ವರ್ಷ ಹಿಡಿದ ಕೈ ಅವಳದು.

ನಾನೇ ಇಳಿದು ಹೋಗಿ ಸೀಟಿಗೆ ಕೈಯಿಟ್ಟೆ.

ತಕ್ಷಣ ಸೈಕಲ್ಲು ನೆಟ್ಟಗಾಯಿತು. ಓಲಾಟ ನಿಂತಿತು. ಹಿದಾಯತ್ ಉದ್ದಕ್ಕೆ ಉಸಿರು ಬಿಟ್ಟ, ಮಗು ತೊಟ್ಟಿಲಲ್ಲಿ ಬಿಡುವ ಹಾಗೆ, 'ಬಂದ್ರಲ್ಲ' ಎಂದ. ಕಾಲುಗಳು ತಮ್ಮಷ್ಟಕ್ಕೆ ತುಳಿಯತೊಡಗಿದವು. ಜೀಪಿನ ತಣ್ಣನೆ ಕಂಬಿ ಹಿಡಿದು ಬಂದಿದ್ದಕ್ಕೆ ನನ್ನ ಕೈಯೂ ತಣ್ಣಗಿದ್ದಿರಬೇಕು. ಎರಡು ಮೈಲಿ ನಡೆದೆ. ಚಪ್ಪಲಿ ಎಲ್ಲಿ ಬಿಟ್ಟೆನೋ. ಇದುವರೆಗೆ ನಾನು ಯಾರ ಸೈಕಲ್ಲನ್ನೂ ಹಿಡಿದವಳಲ್ಲ, ಆದರೆ ಎಲ್ಲಿ ಒತ್ತಬೇಕು, ಎಲ್ಲಿ ಸಡಿಲ ಬಿಡಬೇಕು ಎಂಬುದು ಕೈಗೆ ಗೊತ್ತಿತ್ತು. ಹೆಜ್ಜೆಗೆ ಗೊತ್ತಿತ್ತು. ಒಮ್ಮೆಯೂ ಪೆಡಲು ಕಾಲಿಗೆ ಬಡಿಯಲಿಲ್ಲ.

ಹರಿಹರದಲ್ಲಿ ಗಾಡಿಗಳು ಹೊಳೆಗಿಳಿಯುವ ದಾರಿಯಲ್ಲಿ ಇಳಿದೆವು. ಸೈಕಲ್ಲು ಮುಂಗಾಲಿ ಮುಳುಗುವವರೆಗೆ ನೀರಿಗೆ ಹೋಯಿತು. ಸೂರ್ಯ ಮುಳುಗುತ್ತಿದ್ದ. ಹಿದಾಯತ್ ಬಲಗಾಲು ಇಳಿಸಿ ತುಂಗಭದ್ರೆಯಲ್ಲಿ ಇಟ್ಟ. ಹಾಗೆಯೇ ಕುಸಿದ. ದಿಲ್ಷಾದ್ ಅವನ ತಲೆಯನ್ನು ನೀರಿನಿಂದ ಎತ್ತಿ ಹಿಡಿದಳು. ದಡದಲ್ಲಿ ಕಾಯುತ್ತಿದ್ದ ಡಾಕ್ಟರು ಬಂದು ನೋಡಿ, 'ಜೀವಕ್ಕೇನಿಲ್ಲ, ನಿದ್ದೆ' ಎಂದರು. ದಡದಲ್ಲಿ ನಿಂತ ನೂರಾರು ಜನ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಪಿಸುಮಾತಿನಲ್ಲಿ ಮಾತಾಡುತ್ತಿದ್ದರು.

ಪ್ರಮಾಣಪತ್ರವನ್ನು ಅಲ್ಲೇ ಜೀಪಿನ ಮೂತಿಯ ಮೇಲಿಟ್ಟು ಬರೆದೆ. ಏಳು ದಿನ ಕಾಲು ನೆಲ ಮುಟ್ಟಲಿಲ್ಲ. ನಾಲ್ಕು ಬೆಳಗಿನ ಜಾವ ಯಾರೋ ಸೀಟು ಹಿಡಿದು ನಡೆದರು. ಆ ಕೈ ಇಲ್ಲದಿದ್ದರೆ ಸವಾರ ಬದುಕುತ್ತಿರಲಿಲ್ಲ. ಇಂದು ದಾರಿಯಲ್ಲಿ ಹೆಂಡತಿ ಹಿಡಿದದ್ದು ನನ್ನ ಮಾತಿನ ಮೇಲೆ, ಕೊನೆಯ ಎರಡು ಮೈಲಿ ಹಿಡಿದವಳು ನಾನೇ. ಐದನೆಯ ನಿಯಮ ತಪ್ಪು, ತಪ್ಪು ನನ್ನದು.

ಶಿವಮೂರ್ತಪ್ಪನವರು ಎರಡು ಸಲ ಓದಿದರು. ಅವರ ದನಿಯೂ ಮೆತ್ತಗಾಗಿತ್ತು. 'ಯಾರೋ ಅಂದ್ರೆ ಕಾರ್ಖಾನೆಯೋರು ಒಪ್ಪಲ್ರಿ ಮೇಡಂ. ಅವನ ಕಡೆಯೋರು ಹಿಡಿದಿದ್ರೆ ಅದು ಮೋಸ. ನಮ್ಮ ಸಮಿತಿಯೋರು ಯಾರಾದ್ರೂ ಜೀವ ಉಳಿಸಾಕ ಹಿಡಿದಿದ್ರೆ ಅದು ಬೇರೆ ಮಾತು, ನಾನೂ ಸಹಿ ಹಾಕ್ತೀನಿ. ಒಂದು ಹೆಸರು ಬೇಕು. ದೆವ್ವದ ಹೆಸರು ಬರಿಯಾಕ ಆಗ್ತೈತಾ? ನಾಳೆ ಮಧ್ಯಾಹ್ನದ ತನಕ ಟೈಮ್ ಐತೆ.'

ಈಗ ಏಳೂವರೆ. ಕಾಗದ ನನ್ನ ಮುಂದಿದೆ, ಹೆಸರಿನ ಜಾಗ ಖಾಲಿ. ಸುಳ್ಳು ಬರೆಯಲಾರೆ. ದಿಲ್ಷಾದ್ ಆಗಲೇ ಬಂದು ಮೆಟ್ಟಿಲ ಮೇಲೆ ಕುಳಿತಿದ್ದಾಳೆ. ಹಂಪವ್ವ ಬಂದಾಗ ಅಗಳಿ ಮತ್ತೆ ತೆಗೆದಿತ್ತಂತೆ. ದಣಿವಿನಲ್ಲಿ ಹಾಕಲು ಮರೆತಿರಬೇಕು. ರಾತ್ರಿ ಒಳ್ಳೆಯ ನಿದ್ದೆ ಬಂತು. ಕಾಲು ಮಾತ್ರ ವಿಪರೀತ ಉರಿ.

ಬೆರಳಿಗೆ ಈ ಬಿಳಿ ದಾರವನ್ನು ಸುತ್ತಿಕೊಳ್ಳುತ್ತ ಕುಳಿತಿದ್ದೆ. ಪಕ್ಕದ ಮನೆಯ ಕಸ್ತೂರಮ್ಮ ಬಂದಳು. ಅವಳು ದಿನವೂ ಹಾಲು ತಂದು ಒಳಗೆ ಬಂದು ಹತ್ತು ಮಾತಾಡಿ ಹೋಗುವವಳು. ಇಂದು ಬಾಗಿಲಲ್ಲೇ ನಿಂತಳು, ಚೊಂಬನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ದಿಲ್ಷಾದಳನ್ನು ನೋಡಿದಳು, ಮೇಜಿನ ಮೇಲಿನ ಕಾಗದ ನೋಡಿದಳು, ಆಮೇಲೆ ನನ್ನ ಕಾಲು. ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ.

'ಉಮಕ್ಕ, ಕಾಗದಕ್ಕೆ ಒಂದು ಹೆಸರು ಬೇಕಂತಲ್ಲ, ನಿಮ್ದೇ ಬರೀರಿ. ಎಮ್ಮೆ ಹಿಂಡಾಕ ಎದ್ದಾಗ ನಾಕು ದಿನಾನೂ ನನ್ನ ಕಣ್ಣಾರೆ ನೋಡೀನಿ. ನಿದ್ದೆಗಣ್ಣಾಗೆ ನಡಿಯೋರನ್ನ ಎಬ್ಬಿಸಬಾರದು ಅಂತ ನಾನೂ ಮಸ್ತಾನಸಾಬನೂ ಬಾಯಿ ಕಟ್ಕಂಡಿದ್ವಿ. ನಿನ್ನೆ ಜಾವದಾಗೆ ನೀವು ಒಳಗಿಂದ ಬಾಗಿಲು ಕೆರೆಯೋದು ಕೇಳ್ತಿತ್ತು, ನನ್ನತ್ರ ಕೀಲಿ ಇರಲಿಲ್ಲ. ಇವತ್ತೂ ಹೋಗಿದ್ರಿ. ಸೈಕಲ್ಲೂ ಇರಲಿಲ್ಲ, ಸವಾರನೂ ಇರಲಿಲ್ಲ. ಕೈ ಮಾತ್ರ ಹಂಗೇ ಹಿಡ್ಕಂಡಿದ್ರಿ.'